ಕೊನೆಹಾಳೆಗಳು ಹಂಪಿಯಲ್ಲಿವೆ

ಕಂಪ್ಲಿಯ ನನ್ನ ಭಾವ ಆನ್‌ಲೈನಿನಲ್ಲಿ ಕೊಂಡ ವಸ್ತುವಿನ ನಿಜವಾದ ಬೆಲೆ ಹೇಳಿದ್ದನ್ನು ನಾನು ಕೇಳಿಲ್ಲ. ಅಕ್ಕನಿಗೆ ಹೇಳುವಾಗ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಅದೇ ಸಂಜೆ ಚಹಾದಂಗಡಿಯಲ್ಲಿ ಗೆಳೆಯರಿಗೆ ಹೇಳುವಾಗ ಇನ್ನೂ ಇಳಿಯುತ್ತದೆ. ಅಕ್ಕಿ ಗಿರಣಿಯನ್ನು ತಮ್ಮನ ಕೈಗೆ ಬಿಟ್ಟುಕೊಟ್ಟ ಮೇಲೆ ಅವರಿಗೆ ಉಳಿದಿರುವ ವ್ಯವಹಾರ ಇದೊಂದೇ. ತಲೆ ಒತ್ತುವ ಯಂತ್ರ, ಎರಡು ಕೊಂಡರೆ ಮೂರನೆಯದು ಉಚಿತವೆಂದು ಬಂದ ಟಾರ್ಚುಗಳು, ಯಾರ ಫೋನಿಗೂ ಹೊಂದದ ಚಾರ್ಜರುಗಳು, ಎಲ್ಲವೂ ಆ ಮನೆಯ ಪಡಸಾಲೆಯಲ್ಲಿ ಇವೆ.

ಅಕ್ಕ ಓದುವ ಟ್ಯಾಬ್ ಕೂಡ ಹಾಗೆಯೇ ಬಂದದ್ದು. ಗಿರಣಿಯ ಕ್ಯಾಮೆರಾಗಳನ್ನು ಮನೆಯಲ್ಲಿ ಕುಳಿತೇ ನೋಡಬಹುದೆಂದು ಭಾವ ಅದನ್ನು ತರಿಸಿದರು. ಒಂದು ವಾರ ತೌಡಿನ ಚೀಲಗಳನ್ನು ನೋಡಿದರು. ಯಾವ ಚೀಲವೂ ಅಲ್ಲಾಡಲಿಲ್ಲ. ಆಮೇಲೆ ಟ್ಯಾಬ್ ಅಕ್ಕನ ಪಾಲಾಯಿತು. ಕಣ್ಣು ಮಂಜಾಗಿ ಹತ್ತು ವರ್ಷದಿಂದ ಪುಸ್ತಕ ಬಿಟ್ಟಿದ್ದ ಅವಳು ಅಕ್ಷರಗಳನ್ನು ಎರಡು ಬೆರಳಿನಿಂದ ಹಿಗ್ಗಿಸುವುದನ್ನು ಕಲಿತಳು. ಒಂದು ಸಾಲಿಗೆ ಮೂರು ಪದ ಹಿಡಿಯುವಷ್ಟು ದೊಡ್ಡದು ಮಾಡಿಕೊಂಡು, ಗೋಡೆ ಬರಹ ಓದುವವರಂತೆ ಓದುತ್ತಿದ್ದಳು.

ನಾನು ಹೊಸಪೇಟೆಯಲ್ಲಿ ಪತ್ರಿಕೆಯೊಂದರ ಜಿಲ್ಲಾ ಪುಟ ನೋಡಿಕೊಂಡು ನಿವೃತ್ತಳಾದವಳು. ಒಂದು ಭಾನುವಾರ ಕಂಪ್ಲಿಗೆ ಹೋಗಿದ್ದಾಗ ಮಡಚುವ ಏಣಿಯೊಂದು ಪಾರ್ಸೆಲ್ಲಿನಲ್ಲಿ ಬಂತು. ಭಾವ ಬೆಲೆ ಹೇಳಿದರು. ಅವರ ಖಾತೆಯೇ ಟ್ಯಾಬಿನಲ್ಲೂ ಇದ್ದುದರಿಂದ ಅದೇ ಹೊತ್ತಿಗೆ ಅಕ್ಕನ ಮಡಿಲಲ್ಲಿ ನಿಜವಾದ ಬೆಲೆ ಹೆಬ್ಬೆರಳಿನಷ್ಟು ದೊಡ್ಡ ಅಂಕಿಗಳಲ್ಲಿ ಮೂಡಿತು. ಅಕ್ಕ ಅದನ್ನು ನಿಧಾನವಾಗಿ ಓದಿದಳು. ಸಿಟ್ಟಾಗಲಿಲ್ಲ.

“ನಲ್ವತ್ತು ವರ್ಷದಿಂದ ಹಿಂಗ ಹೇಳ್ಕೋತ ಬಂದೀರಿ. ಆ ಟೀಚರಮ್ಮನ ಕತಿನೂ ಹಿಂಗ ಹೇಳಿದ್ರಿ” ಅಂದಳು.

ಭಾವ ಏಣಿ ಬಿಚ್ಚುವುದನ್ನು ಬಿಟ್ಟು ತಿರುಗಿದರು. “ಅದನ್ನ ಓದೇ ಹೇಳೀನಿ. ಅದರಾಗ ಸುಳ್ಳಿಲ್ಲ.”

ಟೀಚರಮ್ಮನ ಕತೆ ಏನೆಂದು ಹೇಳುವ ಮೊದಲು ಹೊಸಪೇಟೆಯಲ್ಲಿ ಆಗ ಇದ್ದ ಒಂದು ಬಾಡಿಗೆ ಲೈಬ್ರರಿಯ ವಿಷಯ ಹೇಳಬೇಕು. ನಾನು ಊರಿಗೆ ಬರುವ ಹೊತ್ತಿಗೆ ಅದು ಮುಚ್ಚಿ, ಅದೇ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು. ಆದರೆ ಅದರ ಪದ್ಧತಿಯನ್ನು ಇಂದಿಗೂ ಹಳಬರು ನೆನೆಯುತ್ತಾರೆ. ಪುಸ್ತಕ ಒಯ್ದವರು ವಾಪಸು ತರುವುದಿಲ್ಲ ಎಂಬುದು ಎಲ್ಲ ಲೈಬ್ರರಿಗಳ ದೂರು. ಇಲ್ಲಿಯ ಮಾಲೀಕರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಯಾವ ಕಾದಂಬರಿ ಬಂದರೂ ಮೊದಲು ಅದರ ಕೊನೆಯ ಎಂಟು ಹಾಳೆಗಳನ್ನು ಬ್ಲೇಡಿನಿಂದ ಕೊಯ್ದು, ಹೊಲಿದು, ಕಂದು ಕಾಗದದ ಹೊದಿಕೆ ಹಾಕಿ, ನಂಬರ್ ಬರೆದು ತಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದರು. ಇದಕ್ಕೆ ಅವರು ಇಟ್ಟ ಹೆಸರು ಕೊನೆಹಾಳೆ. ಪುಸ್ತಕ ತಂದು ಮೇಜಿನ ಮೇಲೆ ಇಟ್ಟರೆ ಕೊನೆಹಾಳೆ ಕೈಗೆ ಬರುತ್ತಿತ್ತು. ಅಲ್ಲೇ ಬೆಂಚಿನ ಮೇಲೆ ಕುಳಿತು ಓದಿ, ಹೊದಿಕೆಯ ಮೇಲೆ ತಮ್ಮ ಸದಸ್ಯ ನಂಬರ್ ಬರೆದು ಹೋಗಬೇಕು. ಮನೆಗೆ ಒಯ್ಯುವಂತಿಲ್ಲ. ಕೊಲೆ ಮಾಡಿದವರು ಯಾರೆಂದು ತಿಳಿಯಲು ಜನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲುತ್ತಿದ್ದರಂತೆ.

ಅಕ್ಕ ಸಂಡೂರಿನ ನಮ್ಮ ಮನೆಯಿಂದ ಕಂಪ್ಲಿಗೆ ಸೊಸೆಯಾಗಿ ಹೋದವಳು. ಗಿರಣಿ ಮನೆಯ ಹೊಸ ಸೊಸೆ ಪುಸ್ತಕ ಬದಲಿಸಲೆಂದು ವಾರವಾರ ಹೊಸಪೇಟೆಗೆ ಬಸ್ಸು ಹತ್ತುವುದು ಆಗ ಇರಲಿಲ್ಲ. ಗಿರಣಿಯ ಕೆಲಸಕ್ಕೆ ಹೋಗುತ್ತಿದ್ದ ಭಾವನೇ ಪುಸ್ತಕ ತರುತ್ತಿದ್ದರು, ಒಯ್ಯುತ್ತಿದ್ದರು. ಕೊನೆಹಾಳೆಯನ್ನೂ ಅವರೇ ಓದಿ, ಬಂದು ಅವಳಿಗೆ ಹೇಳುತ್ತಿದ್ದರು. ಹೀಗೆ ಅಕ್ಕ ಆ ವರ್ಷಗಳಲ್ಲಿ ನಲವತ್ತೆರಡು ಕಾದಂಬರಿ ಓದಿದಳು. ಮೊದಲಿನಿಂದ ಕೊನೆಯ ಎಂಟು ಹಾಳೆಯವರೆಗೆ ಲೇಖಕರದು, ಆಮೇಲಿನದು ಭಾವನದು.

ಭಾವ ಹೇಳಿದ ಕೊನೆಗಳಲ್ಲಿ ಒಂದು ಸಮಾನ ಅಂಶವಿತ್ತು. ಎಲ್ಲರೂ ರಾಜಿಯಾಗಿ ಹೋಳಿಗೆ ಊಟ ಮಾಡುತ್ತಿದ್ದರು. ಒಂದು ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಕೂಡ ಜೈಲಿಗೆ ಹೋಗುವ ಮುನ್ನ ಪಂಕ್ತಿಯಲ್ಲಿ ಕುಳಿತಿದ್ದ. ಅಕ್ಕ ನಲವತ್ತೊಂದನ್ನು ಹಾಗೆಯೇ ನಂಬಿದಳು, ಅಥವಾ ನಂಬಿದಂತೆ ಇದ್ದಳು. ಒಂದನ್ನು ಮಾತ್ರ ನಂಬಲಿಲ್ಲ.

ಅದೇ ಟೀಚರಮ್ಮನ ಕತೆ. ಅದರಲ್ಲೊಬ್ಬ ಶಾಲೆಯ ಶಿಕ್ಷಕಿ. ಗಂಡ, ಅತ್ತೆ ಕೆಲಸ ಬಿಡಿಸುತ್ತಾರೆ. ಮುನ್ನೂರು ಪುಟ ಆಕೆ ಸುಮ್ಮನಿದ್ದು, ಒಂದು ದಿನ ತಗಡಿನ ಪೆಟ್ಟಿಗೆ ಹಿಡಿದು ಗುಂತಕಲ್ಲಿನಲ್ಲಿ ರೈಲು ಹತ್ತುತ್ತಾಳೆ. ಗಂಡ ಪ್ಲಾಟ್‌ಫಾರ್ಮಿಗೆ ಓಡಿ ಬರುತ್ತಾನೆ. ಲೈಬ್ರರಿ ಕೊಟ್ಟ ಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಭಾವ ತಂದ ವರದಿಯ ಪ್ರಕಾರ ಆಕೆ ಇಳಿದಳು, ಬಸ್ಸಿನಲ್ಲಿ ಮನೆಗೆ ಬಂದಳು, ಹೋಳಿಗೆ ಮಾಡಿದಳು.

“ಅಕಿ ಇಳಿಯೂ ಪೈಕಿ ಅಲ್ಲ. ಮುನ್ನೂರು ಪುಟ ನಾ ಅಕಿ ಜೊತಿ ಇದ್ದೆ” ಎಂದು ಅಕ್ಕ ಅಂದಿನಿಂದ ಹೇಳುತ್ತಲೇ ಇದ್ದಾಳೆ. ಆ ಪುಸ್ತಕ ಮರುಮುದ್ರಣ ಕಾಣಲಿಲ್ಲ. ಲೈಬ್ರರಿ ಮುಚ್ಚಿತು. ಹಾಗಾಗಿ ಆ ಮನೆಯಲ್ಲಿ ಯಾವ ವಾದ ಎದ್ದರೂ, ಕಬ್ಬಿನ ಕಟಾವಿನದೇ ಇರಲಿ, ಏಣಿಯದೇ ಇರಲಿ, ಕೊನೆಗೆ ಗುಂತಕಲ್ಲಿಗೆ ಹೋಗಿ ಮುಟ್ಟುತ್ತಿತ್ತು.

ಆ ಭಾನುವಾರ ಅಕ್ಕ ಟ್ಯಾಬನ್ನು ನನ್ನ ಕಡೆ ಚಾಚಿದಳು. ಇದರಲ್ಲಿ ಪುಸ್ತಕಗಳು ಪುಕ್ಕಟೆ ಸಿಗುತ್ತವೆ ಎಂದು ಎಲ್ಲರೂ ಹೇಳುತ್ತಾರೆ, ಇದೊಂದು ಹುಡುಕಿಕೊಡು, ಆಕೆ ಇಳಿದಳೋ ಇಲ್ಲವೋ ನಾನು ಕಣ್ಣಾರೆ ನೋಡಬೇಕು ಅಂದಳು. ಭಾವ ಏಣಿಯನ್ನು ಮತ್ತೆ ಮಡಚಲು ಯತ್ನಿಸುತ್ತಿದ್ದರು. ಅದು ಮಡಚಲಿಲ್ಲ.

ಉಚಿತ ಇ-ಪುಸ್ತಕ ಹುಡುಕುವುದು ನಾನು ಅಂದುಕೊಂಡಷ್ಟು ಉಚಿತವಾಗಿರಲಿಲ್ಲ. ಹಳೆಯ ಅಭ್ಯಾಸದಂತೆ ಒಂದು ನೋಟುಬುಕ್ಕಿನಲ್ಲಿ ಎಲ್ಲಿ ಹುಡುಕಿದೆ, ಏನು ಸಿಕ್ಕಿತು ಎಂದು ಬರೆದಿಟ್ಟಿದ್ದೇನೆ. ಮೊದಲ ತಾಣ ಪುಸ್ತಕ ಪೂರ್ತಿ ಉಚಿತ ಎಂದು ಹೇಳಿ, ಹಾಗಿದ್ದರೂ ಬ್ಯಾಂಕ್ ಕಾರ್ಡಿನ ನಂಬರ್ ಕೇಳಿತು. ಎರಡನೆಯದು ನನ್ನ ಫೋನಿನಲ್ಲಿ ಹನ್ನೊಂದು ವೈರಸ್ ಇವೆ ಎಂದು ಎಚ್ಚರಿಸಿತು. ಮೂರನೆಯದರಲ್ಲಿ ಹೆಸರು ಸರಿಯಾಗಿಯೇ ಇತ್ತು. ತೆರೆದರೆ ಬೋರ್‌ವೆಲ್ ಮೋಟಾರು ಕೂರಿಸುವ ವಿಧಾನ, ಅದೂ ತೆಲುಗಿನಲ್ಲಿ. ನಾಲ್ಕನೆಯದು ಒಂದು ಗುಂಪು. ಅಲ್ಲಿ ಪುಸ್ತಕ ಕೇಳುವವರು ಮಾತ್ರ ಇದ್ದರು. ನಾನು ಸೇರಿದ ಮೇಲೆ ಇನ್ನೊಬ್ಬರಾದರು.

ಮೂರನೆಯ ವಾರ ಸಿಕ್ಕಿತು. ಯಾರು ಬೇಕಾದರೂ ಹಳೆಯ ಪುಸ್ತಕಗಳನ್ನು ಇಡಬಹುದಾದ ಒಂದು ಸಾರ್ವಜನಿಕ ತಾಣದಲ್ಲಿ ಒಬ್ಬರೇ ನಾನೂರಕ್ಕೂ ಹೆಚ್ಚು ಕನ್ನಡ ಕಾದಂಬರಿಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದರು. ಅದರಲ್ಲಿ ಅಕ್ಕನ ಕಾದಂಬರಿಯೂ ಇತ್ತು. ಕಾರ್ಡು ಕೇಳಲಿಲ್ಲ, ವೈರಸ್ ಹೇಳಲಿಲ್ಲ. ಒಂದು ನಿಮಿಷದೊಳಗೆ ಇಳಿಯಿತು. ಫೋನು ಮಾಡಿದಾಗ ಅಕ್ಕ ಒಂದೇ ಷರತ್ತು ಹಾಕಿದಳು. ನಾನು ಕೊನೆಯ ಪುಟ ನೋಡಬಾರದು. ನಾನು ನೋಡಲಿಲ್ಲ. ಮರುದಿನ ಕಂಪ್ಲಿ ಬಸ್ಸು ಹತ್ತಿ ಹೋಗಿ ಅವಳ ಟ್ಯಾಬಿಗೆ ಹಾಕಿಕೊಟ್ಟೆ.

ಅಕ್ಕ ನೇರ ಕೊನೆಗೆ ಹೋಗಲಿಲ್ಲ. ಮೊದಲ ಪುಟದಿಂದ ಶುರು ಮಾಡಿದಳು. ಅವಳ ಅಕ್ಷರದ ಗಾತ್ರದಲ್ಲಿ ಮುಗಿಯಲು ಆರು ದಿನ ಬೇಕಾಯಿತು. ಆ ಆರು ದಿನ ಭಾವ ಏನನ್ನೂ ತರಿಸಲಿಲ್ಲ. ನಾಲ್ಕನೆಯ ದಿನ ಟ್ಯಾಬಿನ ಚಾರ್ಜರ್ ಕಾಣೆಯಾಯಿತು. ಆಮೇಲೆ ಅಕ್ಕಿ ಡಬ್ಬಿಯ ತಳದಲ್ಲಿ ಸಿಕ್ಕಿತು. ಅದನ್ನು ಅಲ್ಲಿ ಇಟ್ಟವರು ಯಾರೆಂಬುದಕ್ಕೆ ನನ್ನ ಬಳಿ ಆಧಾರವಿಲ್ಲ. ಪಡಸಾಲೆಯ ಚಾರ್ಜರುಗಳಲ್ಲಿ ಒಂದು ಆ ದಿನ ಮೊದಲ ಬಾರಿಗೆ ಯಾವುದೋ ಯಂತ್ರಕ್ಕೆ ಹೊಂದಿತು ಎಂಬುದು ಮಾತ್ರ ನಿಜ.

ಐದನೆಯ ದಿನ ಅಕ್ಕ ಫೋನು ಮಾಡಿದಳು. ತೊಂಬತ್ತಾರನೆಯ ಪುಟದಲ್ಲಿ ಎಣ್ಣೆಯ ಕಲೆಯೊಂದು ಇದೆಯಂತೆ. ಮಿರ್ಚಿ ಕರಿಯುವಾಗ ಓದುತ್ತಾ ತಾನೇ ಬೀಳಿಸಿದ್ದು, ಅತ್ತೆ ಬೈದಿದ್ದೂ ನೆನಪಿದೆ ಅಂದಳು. “ಲೇ ತಂಗಿ, ಇದು ಆ ಲೈಬ್ರರಿ ಪುಸ್ತಕನ ಐತಿ.” ಅಂದ ಕೂಡಲೇ ಅವಳಿಗೂ ನನಗೂ ಒಂದೇ ವಿಚಾರ ಹೊಳೆಯಿತು.

ಆರನೆಯ ದಿನ ಅವಳು ಕೊನೆಯ ಪುಟಕ್ಕೆ ಬಂದಳು. ಪುಟ ಹೀಗೆ ಮುಗಿದಿತ್ತು: ‘ಗಾರ್ಡಿನ ಸೀಟಿ ಕೇಳಿಸಿತು. ಅವಳು ಪೆಟ್ಟಿಗೆಯ ಹಿಡಿಯನ್ನು’. ಅದರ ಕೆಳಗೆ ಲೈಬ್ರರಿಯ ಮೊಹರು, ಮೊಹರಿನ ಪಕ್ಕ ‘ಮುಂದಿನದು ಕಚೇರಿಯಲ್ಲಿ’ ಎಂಬ ಕೈಬರಹ.

ನಾನು ಅದೇ ಸಂಗ್ರಹದಿಂದ ಇನ್ನೂ ಒಂಬತ್ತು ಪುಸ್ತಕ ಇಳಿಸಿಕೊಂಡು ಕೊನೆಯ ಪುಟ ನೋಡಿದೆ. ಒಂದರಲ್ಲಿ ಇನ್‌ಸ್ಪೆಕ್ಟರು ಎಲ್ಲರನ್ನೂ ದಿವಾನಖಾನೆಯಲ್ಲಿ ಸೇರಿಸಿ, ಬೆರಳು ಎತ್ತಿ, ‘ಆ ರಾತ್ರಿ ವಿಷ ಬೆರೆಸಿದವರು’ ಎಂದು ನಿಂತಿದ್ದರು. ಇನ್ನೊಂದರಲ್ಲಿ ಮದುಮಗ ತಾಳಿ ಕೈಯಲ್ಲಿ ಹಿಡಿದು ಯಾರದೋ ಕಡೆ ತಿರುಗಿದ್ದ. ಒಂಬತ್ತೂ ಹೀಗೆಯೇ. ಆ ಪುಸ್ತಕಗಳನ್ನು ಸಾವಿರಾರು ಜನ ಇಳಿಸಿಕೊಂಡಿದ್ದಾರೆಂದು ತಾಣವೇ ತೋರಿಸುತ್ತಿತ್ತು. ಕೆಳಗೆ ಓದುಗರ ಅಭಿಪ್ರಾಯಗಳೂ ಇದ್ದವು. ಅದ್ಭುತ ಕೃತಿ, ಒಂದೇ ಗುಕ್ಕಿಗೆ ಓದಿ ಮುಗಿಸಿದೆ, ಅಂತ್ಯವಂತೂ ಕಣ್ಣೀರು ತರಿಸಿತು. ಒಬ್ಬರು ಮಾತ್ರ ‘ಮುಂದೆ?’ ಎಂದು ಕೇಳಿದ್ದರು. ಅವರಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಇದೇ ಹೊತ್ತಿಗೆ ನಾನೂ ಒಂದು ತಪ್ಪು ಮಾಡಿದೆ. ಹಳೆ ಪುಸ್ತಕ ಮಾರುವ ತಾಣವೊಂದರಲ್ಲಿ ಅದೇ ಕಾದಂಬರಿಯ ಮುದ್ರಿತ ಪ್ರತಿ ಕಂಡಿತು. ಬೆಲೆ ಒಂದು ಪ್ಲೇಟು ಒಗ್ಗಾಣಿ-ಮಿರ್ಚಿಗಿಂತ ಕಡಿಮೆ. ಸ್ಥಿತಿ ಉತ್ತಮ, ಪುಟಗಳು ಪೂರ್ತಿ ಎಂದು ಬರೆದಿತ್ತು. ಎರಡು ಮೂಲಗಳಿಂದ ಖಚಿತ ಮಾಡಿಕೊಳ್ಳದೆ ಯಾವುದನ್ನೂ ಅಚ್ಚಿಗೆ ಕಳಿಸದವಳು ನಾನು. ಆದರೆ ‘ಒಂದೇ ಪ್ರತಿ ಉಳಿದಿದೆ’ ಎಂಬ ಕೆಂಪು ಅಕ್ಷರ ಕಂಡಾಗ ಆ ಶಿಸ್ತು ನೆನಪಾಗಲಿಲ್ಲ. ಪುಸ್ತಕ ನಾಲ್ಕು ದಿನಕ್ಕೆ ಬಂತು. ತೊಂಬತ್ತಾರನೆಯ ಪುಟ ತೆರೆದೆ. ಅಕ್ಕನ ಎಣ್ಣೆ ಅಲ್ಲೇ ಇತ್ತು. ಪುಕ್ಕಟೆ ಸಿಕ್ಕಿದ್ದ ಪುಸ್ತಕವನ್ನೇ, ಅದೇ ಪ್ರತಿಯನ್ನೇ, ಕೊನೆ ಇಲ್ಲದೆ, ಹಣ ಕೊಟ್ಟು ತರಿಸಿಕೊಂಡಿದ್ದೆ. ಇದನ್ನು ಭಾವನಿಗೆ ಹೇಳಿದಾಗ ಅವರು ಬಹಳ ದಿನಗಳ ನಂತರ ನಕ್ಕರು. ಎಷ್ಟಕ್ಕೆ ಬಂತು ಎಂದು ಕೇಳಿದರು. ನಾನು ಅರ್ಧ ಹೇಳಿದೆ.

ಸ್ಕ್ಯಾನ್ ಮಾಡಿದವರನ್ನು ಹುಡುಕುವುದು ಕಷ್ಟವಾಗಲಿಲ್ಲ. ದೋಣಿಮಲೈ ಗಣಿಯ ಪ್ರಯೋಗಾಲಯದಲ್ಲಿ ಅದಿರಿನ ಮಾದರಿಗಳನ್ನು ತೂಗಿ ಬರೆದಿಡುವ ಕೆಲಸ ಮಾಡಿ ನಿವೃತ್ತರಾದವರು, ಈಗ ಸಂಡೂರಿನಲ್ಲಿದ್ದರು. ಲೈಬ್ರರಿ ಮುಚ್ಚಿದಾಗ ಅದರ ಪುಸ್ತಕಗಳನ್ನು ಗಣಿಯ ಟೌನ್‌ಶಿಪ್ಪಿನ ಓದುಗರ ಸಂಘ ಒಟ್ಟಾಗಿ ಕೊಂಡಿತ್ತು. ಸಂಘ ಮುಚ್ಚಿದಾಗ ಇವರು ಅವನ್ನು ಮನೆಗೆ ತಂದು, ಮೂರು ವರ್ಷ ಕೂತು, ಪುಟ ಪುಟ ಸ್ಕ್ಯಾನ್ ಮಾಡಿ, ಜಾಗವಿಲ್ಲವೆಂದು ಹಳೆ ಪುಸ್ತಕದವರಿಗೆ ಕೊಟ್ಟಿದ್ದರು. ಲೇಖಕರ ಮನೆಯವರಿಂದ ಪಡೆದ ಒಪ್ಪಿಗೆ ಪತ್ರಗಳ ಫೈಲನ್ನು ನಾನು ಕೇಳುವ ಮೊದಲೇ ಮೇಜಿನ ಮೇಲೆ ಇಟ್ಟರು. ಅಷ್ಟು ಚೊಕ್ಕಟದ ಮನುಷ್ಯ. ನಾನೂರು ಪುಸ್ತಕಗಳಿಗೆ ಕೊನೆ ಇಲ್ಲದ್ದು ಗಮನಕ್ಕೆ ಬರಲಿಲ್ಲವೇ ಎಂದು ಕೇಳಿದೆ.

ಅವರು ಫೈಲನ್ನು ಮುಚ್ಚಿದರು. “ಬಂದ ಅದಿರನ್ನ ಬಂದಂಗ ತೂಕ ಮಾಡೂದು ನಮ್ಮ ಕೆಲಸ ರೀ ಮೇಡಂ. ನಾ ಸ್ಕ್ಯಾನ್ ಮಾಡೀನಿ. ಓದಿಲ್ಲ.”

ಆಮೇಲೆ ಕಂಪ್ಯೂಟರ್ ತೆರೆದು ಒಂದೊಂದೇ ಪುಸ್ತಕದ ಕೊನೆಯ ಪುಟ ನೋಡತೊಡಗಿದರು. ಹತ್ತನೆಯದಕ್ಕೆ ಕನ್ನಡಕ ತೆಗೆದು ಒರೆಸಿದರು. ಇಪ್ಪತ್ತನೆಯದಕ್ಕೆ ಅವರ ಹೆಂಡತಿ ಚಹಾ ತಂದಿಟ್ಟು, ಏನಾಯಿತೆಂದು ನನ್ನನ್ನು ಸನ್ನೆಯಲ್ಲಿ ಕೇಳಿದರು. ನಾನು ಹೊರಡುವಾಗ, ಲೈಬ್ರರಿಯ ಮಾಲೀಕರು ಇನ್ನೂ ಇದ್ದಾರೆಂದು ಸ್ಕ್ಯಾನ್ ಮಾಡಿದವರು ಹೇಳಿದರು. ಹಂಪಿಯಲ್ಲಿ ಮಗ ನಡೆಸುವ ಗೆಸ್ಟ್ ಹೌಸಿನಲ್ಲಿದ್ದರು.

ಆ ಗೆಸ್ಟ್ ಹೌಸು ಬಾಳೆತೋಟದ ಅಂಚಿನಲ್ಲಿದೆ. ಬಾಡಿಗೆ ಸೈಕಲ್ಲುಗಳ ಸಾಲಿನ ಹಿಂದೆ ಒಂದು ಮೇಜು, ಮೇಜಿನ ಹಿಂದೆ ಎಂಬತ್ತು ದಾಟಿದ ಅವರು. ಪಕ್ಕದ ಕಪಾಟಿನಲ್ಲಿ ವಿದೇಶಿ ಪ್ರವಾಸಿಗಳು ಬಿಟ್ಟುಹೋದ ಕಾದಂಬರಿಗಳು. ನಾನು ಹೋದಾಗ ಚಡ್ಡಿ ತೊಟ್ಟ ಒಬ್ಬ ವಿದೇಶಿ ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು ಕೈ ಚಾಚಿ ನಿಂತಿದ್ದ. ಮುದುಕರು ಡ್ರಾಯರಿನಿಂದ ಕಂದು ಹೊದಿಕೆಯ ಎಂಟು ಹಾಳೆ ತೆಗೆದುಕೊಟ್ಟು ಬೆಂಚು ತೋರಿಸಿದರು. ಅವನು ಕುಳಿತು ಓದತೊಡಗಿದ. ನನಗೆ ವಿಳಾಸ ವಿಚಾರಿಸುವ ಅಗತ್ಯ ಉಳಿಯಲಿಲ್ಲ.

ಹಳೆಯ ಕೊನೆಹಾಳೆಗಳು ಇನ್ನೂ ಇವೆಯೇ ಎಂದು ಕೇಳಿದೆ.

“ಪುಸ್ತಕ ತಂದೀರೇನ್ರಿ?”

ತರಿಸಿಕೊಂಡಿದ್ದ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಅವರು ಮೊಹರು ನೋಡಿದರು, ನಂಬರ್ ನೋಡಿದರು, ತೊಂಬತ್ತಾರನೆಯ ಪುಟ ತಾನಾಗಿ ತೆರೆದುಕೊಂಡಾಗ ಕಲೆಯನ್ನು ನೋಡಿ ಸದಸ್ಯರ ಬೇಜವಾಬ್ದಾರಿಯ ಬಗ್ಗೆ ಒಂದು ಮಾತು ಹೇಳಿದರು. ಪುಸ್ತಕಗಳನ್ನು ಟೌನ್‌ಶಿಪ್ಪಿಗೆ ಮಾರಿದಾಗ ಕೊನೆಹಾಳೆಗಳನ್ನು ಏಕೆ ಕೊಡಲಿಲ್ಲ ಎಂದು ಕೇಳಿದೆ. ಕೊಡಬಾರದೆಂದೇನೂ ಇರಲಿಲ್ಲವಂತೆ. ಓದಿದವರು ಬಂದು ಕೇಳುತ್ತಾರೆ, ಆಗ ಕೊಟ್ಟರಾಯಿತು ಎಂದು ಕಾದರಂತೆ. “ಒಬ್ಬರೂ ಬರಲಿಲ್ಲ ನೋಡ್ರಿ” ಅಂದರು. ಅದರಲ್ಲಿ ಬೇಸರವಿರಲಿಲ್ಲ. ಸಂಘದವರ ಓದಿನ ಬಗ್ಗೆ ಅವರಿಗೆ ಮೊದಲೇ ಇದ್ದ ಅಂದಾಜು ಖಚಿತವಾದ ಸಮಾಧಾನವಿತ್ತು.

ಈ ಪುಸ್ತಕಗಳು ಈಗ ಪ್ರಪಂಚದಲ್ಲಿ ಯಾರಿಗೆ ಬೇಕಾದರೂ ಫೋನಿನಲ್ಲಿ ಉಚಿತ ಸಿಗುತ್ತವೆ ಎಂದು ಹೇಳಿ ಅವರನ್ನು ಸಂತೋಷಪಡಿಸಲು ಹೋದೆ. ನನ್ನ ಫೋನಿನಲ್ಲೇ ತೆರೆದು ತೋರಿಸಿದೆ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮೊಹರು ಗುರುತಿಸಿದರು.

“ಅಂದ್ರ ಇನ್ನೊಂದು ಪ್ರತಿ ನಿಮ್ಮ ಹತ್ರನ ಐತಿ.”

ಅದು ಪ್ರತಿಯಲ್ಲ, ಚಿತ್ರ ಎಂದೆ. ಪುಸ್ತಕ ವಾಪಸು ಬಂದ ಮೇಲೆಯೇ ಕೊನೆಹಾಳೆ ಎಂದು ಅವರು ನಿಯಮ ಹೇಳಿದರು. ನಲವತ್ತು ವರ್ಷದಲ್ಲಿ ಯಾರಿಗೂ ಸಡಿಲಿಸಿರಲಿಲ್ಲ. ಕಡೆಗೆ ನಾನು ಅವರ ಕಣ್ಣೆದುರೇ ಫೋನಿನಿಂದ ಆ ಕಾದಂಬರಿಯನ್ನು ಅಳಿಸಿದೆ. ನಿಜವಾಗಿ ಹೋಯಿತೇ ಎಂದು ಅವರು ಮಗನನ್ನು ಕರೆದು ತೋರಿಸಿದರು. ಮಗ ನನ್ನ ಕಡೆ ಕ್ಷಮೆ ಕೇಳುವವನಂತೆ ನೋಡಿ, ಹೋಯಿತಪ್ಪಾ ಅಂದ. ಆಗ ಅವರು ಒಳಗಿನ ತಗಡಿನ ಟ್ರಂಕು ತೆಗೆಸಿ, ನಂಬರಿನ ಪ್ರಕಾರ ಜೋಡಿಸಿಟ್ಟ ಕಂದು ಹೊದಿಕೆಗಳಲ್ಲಿ ಒಂದನ್ನು ಎರಡೇ ನಿಮಿಷದಲ್ಲಿ ಆರಿಸಿಕೊಟ್ಟರು. ನಾನು ಕೆಲಸ ಮಾಡಿದ ಪತ್ರಿಕೆಯಲ್ಲಿ ಹಿಂದಿನ ವಾರದ ಸಂಚಿಕೆ ಸಿಗಲು ಅರ್ಧ ದಿನ ಬೇಕಾಗುತ್ತಿತ್ತು.

ಬೆಂಚಿನ ಮೇಲೆ ಕುಳಿತು ಅಕ್ಕನಿಗೆ ಫೋನು ಮಾಡಿದೆ. ಹಾಳೆ ನನ್ನ ತೊಡೆಯ ಮೇಲಿದೆ, ಒಂದು ಸಾಲು ನೋಡಿದರೆ ಮುಗಿಯಿತು ಎಂದೆ.

“ತೆರೀಬ್ಯಾಡ” ಅಂದಳು. “ಇನ್ನೊಬ್ರ ಬಾಯಿಲೆ ಕೇಳೂದು ಸಾಕು.”

ಹಾಳೆಯನ್ನು ಮನೆಗೆ ಒಯ್ಯುವಂತಿರಲಿಲ್ಲ. ಹಾಗಾಗಿ ಮುಂದಿನ ಗುರುವಾರ ಅಕ್ಕ ಮತ್ತು ಭಾವ ಕಂಪ್ಲಿಯಿಂದ ಹಂಪಿಗೆ ಬಂದರು. ಅಕ್ಕ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು. ಭಾವ ದಾರಿಯುದ್ದಕ್ಕೂ ಊಟ ಎಲ್ಲಿ ಮಾಡುವುದು ಎಂಬ ವಿಷಯ ಮಾತಾಡಿದರಂತೆ. ಅಕ್ಕ ಆ ಲೈಬ್ರರಿಯ ಮೇಜಿನ ಮುಂದೆ ನಿಂತದ್ದು ಅದೇ ಮೊದಲು. ಲೈಬ್ರರಿ ಇರಲಿಲ್ಲ, ಮೇಜು ಅದೇ ಎಂದು ಮುದುಕರು ಹೇಳಿದರು.

ಅವರು ಹೊದಿಕೆಯ ಮೇಲಿನ ನಂಬರುಗಳನ್ನು ಬೆರಳಿಟ್ಟು ಓದಿದರು. ಭಾವನ ಸದಸ್ಯ ನಂಬರ್ ನೂರ ಹದಿನೆಂಟು. ಅದು ಮೇಲಿನಿಂದ ಏಳನೆಯದು, ಹಸಿರು ಶಾಯಿಯಲ್ಲಿ ಇತ್ತು.

“ಓದ್ಯಾರ” ಎಂದು ಮುದುಕರು ತೀರ್ಪು ಕೊಟ್ಟರು.

ಭಾವ ಎದೆಯುಬ್ಬಿಸಿ ನಮ್ಮಿಬ್ಬರನ್ನೂ ನೋಡಿದರು. ಓದದೆ ಹೇಳಿದರೆಂದು ಇಷ್ಟು ವರ್ಷ ತಮ್ಮ ಮೇಲೆ ಅಪವಾದ ಹೊರಿಸಿದಿರಿ, ಈಗ ಬರಹದಲ್ಲೇ ಇದೆ, ಇನ್ನು ಊಟಕ್ಕೆ ಹೋಗೋಣ ಎಂದರು. ಅಕ್ಕ ಕೂತಲ್ಲಿಂದ ಏಳಲಿಲ್ಲ.

ಅಕ್ಷರ ಸಣ್ಣದು. ಟ್ಯಾಬಿನಿಂದ ಫೋಟೊ ಹಿಡಿದು ಹಿಗ್ಗಿಸಿ ಓದುತ್ತೇನೆಂದು ಅಕ್ಕ ಹೇಳಿದಳು. ಮುದುಕರು ಒಪ್ಪಲಿಲ್ಲ. ಫೋಟೊ ಹಿಡಿದುಕೊಂಡು ಹೋದರೆ ನಾಳೆ ಪುಸ್ತಕ ಯಾರು ವಾಪಸು ತರುತ್ತಾರೆ ಎಂದು ಕೇಳಿದರು. ನನ್ನನ್ನು ಓದಲು ಹೇಳಬಹುದಿತ್ತು. ಆದರೆ ಅಕ್ಕ ಹಾಳೆಗಳನ್ನು ಭಾವನ ಕೈಗೇ ಕೊಟ್ಟಳು. ನನ್ನನ್ನು ಅವರ ಹಿಂದೆ ನಿಲ್ಲಿಸಿದಳು. ಪತ್ರಿಕೆಯಲ್ಲಿ ಕರಡು ತಿದ್ದುವಾಗ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹಿಂದಿನಿಂದ ನೋಡುತ್ತಿರಬೇಕು. ಆ ಕ್ರಮವನ್ನು ನಾನೇ ಯಾವಾಗಲೋ ಅವಳಿಗೆ ಹೇಳಿದ್ದೆ.

ಭಾವ ಕನ್ನಡಕ ಹಾಕಿಕೊಂಡರು, ಗಂಟಲು ಸರಿಮಾಡಿಕೊಂಡರು. ಮೊದಲು ಅಕ್ಕ ಮೇಜಿನಿಂದ ಎತ್ತಿಕೊಂಡಿದ್ದ ಪುಸ್ತಕದ ಕೊನೆಯ ಸಾಲು ಓದಿದರು: ಗಾರ್ಡಿನ ಸೀಟಿ ಕೇಳಿಸಿತು, ಅವಳು ಪೆಟ್ಟಿಗೆಯ ಹಿಡಿಯನ್ನು. ಆಮೇಲೆ ಕೊನೆಹಾಳೆಗೆ ಬಂದರು.

“ಗಟ್ಟಿಯಾಗಿ ಹಿಡಿದು ಕೆಳಗೆ ಇಳಿದಳು.”

“ಭಾವ, ಅಲ್ಲಿ ‘ಬಿಟ್ಟಳು’ ಅಂತ ಐತಿ” ಎಂದೆ.

ಬೆಂಚಿನ ಇನ್ನೊಂದು ತುದಿಯಲ್ಲಿ ಯಾರೋ ವಿದೇಶಿ ತನ್ನ ಎಂಟು ಹಾಳೆ ಓದುತ್ತಿದ್ದ. ಅವನೂ ತಲೆ ಎತ್ತಿದ. ಭಾವ ಮತ್ತೆ ಮೊದಲಿನಿಂದ ಓದಿದರು. ಈ ಸಲ ಇದ್ದದ್ದನ್ನು ಇದ್ದಂತೆ. ಅವಳು ಪೆಟ್ಟಿಗೆಯ ಹಿಡಿಯನ್ನು ಬಿಟ್ಟಳು, ಕಿಟಕಿಯ ಪಕ್ಕ ಕುಳಿತಳು. ರೈಲು ಹೊರಟಿತು. ಉಳಿದ ಹಾಳೆಗಳಲ್ಲಿ ಆಕೆ ದೂರದ ಒಂದು ಊರಿನ ಶಾಲೆಗೆ ಸೇರುತ್ತಾಳೆ, ಬಾಡಿಗೆಯ ಕೋಣೆಯಲ್ಲಿ ಒಬ್ಬಳೇ ಅನ್ನ ಮಾಡಿಕೊಳ್ಳುತ್ತಾಳೆ, ಅದು ಮೊದಲ ದಿನ ಸೀಯುತ್ತದೆ. ಕೊನೆಯ ಪುಟದಲ್ಲಿ ಗಂಡನಿಗೆ ಒಂದು ಕಾರ್ಡು ಬರೆಯುತ್ತಾಳೆ. ಅದರಲ್ಲಿ ಒಂದೇ ಸಾಲು: ಇಲ್ಲಿ ಮಳೆ ಶುರುವಾಗಿದೆ, ನನ್ನ ಛತ್ರಿ ಕಳಿಸಿಕೊಡಿ.

ಹೋಳಿಗೆ ಎಲ್ಲಿಯೂ ಇರಲಿಲ್ಲ.

ಅಕ್ಕ ಹಾಳೆಗಳನ್ನು ಇಸಿದುಕೊಂಡು, ಕನ್ನಡಕ ಹಣೆಗೇರಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಮೊದಲ ಸಾಲನ್ನು ತಾನೇ ಓದಿದಳು. ತುಟಿ ಮಾತ್ರ ಅಲ್ಲಾಡಿತು. ಆಮೇಲೆ ಭಾವನ ಕಡೆ ತಿರುಗಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಅವರಿಗೆ ಸುಲಭವಾಗುತ್ತಿತ್ತು.

“ಆ ವರ್ಷ ನಿನಗ ಟೀಚರ್ ಟ್ರೇನಿಂಗ್ ಕಾಲೇಜಿನ ಕಾಗದ ಬಂದಿತ್ತು” ಎಂದು ಭಾವ ಬಾಳೆತೋಟದ ಕಡೆ ನೋಡುತ್ತಾ ಹೇಳಿದರು. “ಅಟ್ಟದ ಮ್ಯಾಲಿನ ಪೆಟ್ಟಿಗಿ ಇಳಿಸಿ ಬಾಗಿಲ ಹತ್ರ ಇಟ್ಟಿದ್ದಿ. ಅಂಥಾದ್ರಾಗ ಬಂದು, ಅಕಿ ರೈಲಿನ್ಯಾಗ ಹೋದ್ಳು ಅಂತ ನಾ ಹೆಂಗ ಹೇಳ್ಲಿ?”

“ಪೆಟ್ಟಿಗ್ಯಾಗ ಇಲಿ ಹೊಕ್ಕಿತ್ತು. ಅದಕ್ಕ ಇಳಿಸಿದ್ದೆ.”

ಭಾವ ಹಣೆ ಒರೆಸಿಕೊಂಡರು. ಒಂದು ಇಲಿಯ ದೆಸೆಯಿಂದ ಇಷ್ಟು ವರ್ಷ ಗುಂತಕಲ್ಲಿನಲ್ಲಿ ನಿಂತಿದ್ದ ಮನುಷ್ಯನಂತೆ ಕಂಡರು.

ಅಕ್ಕ ಹಾಳೆಗಳನ್ನು ಜೋಡಿಸಿ ಹೊದಿಕೆಯೊಳಗೆ ಸೇರಿಸಿದಳು. “ನಾ ಹೋಗೂದಿದ್ರ ಪುಸ್ತಕ ಕೇಳಿ ಹೋಗ್ತಿದ್ನೇನ್ರಿ?”

ಟ್ರೇನಿಂಗ್ ಕಾಲೇಜಿನ ಕಾಗದದ ವಿಷಯ ಅವಳು ಏನೂ ಹೇಳಲಿಲ್ಲ. ಪ್ರಶ್ನೆ ಕೇಳುವುದೇ ನನ್ನ ಕಸುಬಾಗಿತ್ತು, ಆದರೂ ಕೇಳಲಿಲ್ಲ.

ಓದಿದ ಮೇಲೆ ನಂಬರ್ ಬರೆಯಬೇಕು. ಭಾವ ತಮ್ಮ ನೂರ ಹದಿನೆಂಟನ್ನೇ ಮತ್ತೆ ಬರೆ ಎಂದು ಅಕ್ಕನಿಗೆ ಪೆನ್ನು ಕೊಡಲು ಹೋದರು. ಅಕ್ಕ ಮುದುಕರನ್ನು ಕೇಳಿದಳು: “ನನ್ನ ನಂಬರ್ ಎಷ್ಟ್ರಿ?” ಅವರು ರೆಕ್ಸಿನ್ ಕಟ್ಟಿದ ಹಳೆಯ ಸದಸ್ಯರ ಪುಸ್ತಕ ತರಿಸಿ, ಕೊನೆಯ ನಂಬರಿನ ಕೆಳಗೆ ಒಂದು ಗೆರೆ ಎಳೆದು, ಆರುನೂರ ಹನ್ನೆರಡು ಎಂದರು. ಮುಚ್ಚಿಹೋದ ಲೈಬ್ರರಿಗೆ ಅವಳು ಆ ಮಧ್ಯಾಹ್ನ ಸದಸ್ಯಳಾದಳು. ಹೊದಿಕೆಯ ಮೇಲೆ ಟ್ಯಾಬಿನಲ್ಲಿ ಓದುವ ಗಾತ್ರದಲ್ಲೇ ಬರೆದಳು. ಆರುನೂರ ಹನ್ನೆರಡು ಎರಡು ಸಾಲು ಹಿಡಿಯಿತು.

ಎಲ್ಲ ಮುಗಿಯಿತು ಎಂದುಕೊಂಡು ಭಾವ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಕ್ಕ ಟ್ರಂಕಿನ ಕಡೆ ಕೈ ಮಾಡಿ, ಉಳಿದ ನಲವತ್ತೊಂದೂ ಇವೆಯೇ ಎಂದು ಕೇಳಿದಳು. ಮುದುಕರು ಇವೆ ಎಂದರು. ಭಾವ ಚಪ್ಪಲಿ ಬಿಟ್ಟರು.

ಇದಾಗಿ ಈಗ ಕೆಲವು ತಿಂಗಳು. ಪುಸ್ತಕ ಮೇಜಿನ ಮೇಲೆ ಇಡದೆ ಕೊನೆಹಾಳೆ ಕೊಡುವಂತಿಲ್ಲವಲ್ಲ. ಆದ್ದರಿಂದ ಪ್ರತಿ ವಾರ ಅಕ್ಕ ಒಂದು ಇ-ಪುಸ್ತಕ ಇಳಿಸಿಕೊಂಡು, ಓದಿ, ಗುರುವಾರ ಹಂಪಿಗೆ ಒಯ್ದು, ಮುದುಕರ ಎದುರು ಅಳಿಸುತ್ತಾಳೆ. ಈಗ ಅವರು ಮಗನನ್ನು ಕರೆಯುವುದಿಲ್ಲ. ಅಳಿಸಿದ್ದನ್ನು ತಾವೇ ಗುರುತಿಸುತ್ತಾರೆ. ಕೊನೆಹಾಳೆಗಳನ್ನು ಸ್ಕ್ಯಾನ್ ಮಾಡಿ ತಾಣಕ್ಕೆ ಸೇರಿಸಲು ಸಂಡೂರಿನವರು ಎರಡು ಸಲ ಬಂದು ಬೇಡಿಕೊಂಡರು. ಮುದುಕರು ಒಪ್ಪಲಿಲ್ಲ. ಕಡೆಗೆ ನಾನು ಹೇಳಿಕೊಟ್ಟಂತೆ ಸಂಡೂರಿನವರು ನಾನೂರು ಪುಸ್ತಕಗಳ ಕೆಳಗೂ ಒಂದು ತಿದ್ದುಪಡಿ ಹಾಕಿದರು: ‘ಈ ಪುಸ್ತಕದ ಕೊನೆಯ ಎಂಟು ಹಾಳೆಗಳು ಹಂಪಿಯಲ್ಲಿವೆ. ಓದಲು ಸ್ವತಃ ಬರಬೇಕು.’ ಇದುವರೆಗೆ ಬಂದವರು ಒಬ್ಬರು. ‘ಮುಂದೆ?’ ಎಂದು ಕೇಳಿದ್ದವರು.

ಭಾವ ಏಣಿಯನ್ನು ವಾಪಸು ಕಳಿಸಲಾಗದೆ ತೆರೆದೇ ಇಟ್ಟಿದ್ದಾರೆ. ಗುರುವಾರಗಳಂದು ಬೆಂಚಿನ ಮೇಲೆ ಕುಳಿತು ಅವರೇ ಗಟ್ಟಿಯಾಗಿ ಓದುತ್ತಾರೆ. ನಾನು ಹಿಂದೆ ನಿಲ್ಲುವುದು ತಪ್ಪಿದ ದಿನ ಅಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಾಳಂತೆ. ಹೋದ ವಾರ ನಾನು ಸ್ವಲ್ಪ ತಡವಾಗಿ ಹೋದೆ. ಇನ್‌ಸ್ಪೆಕ್ಟರು ಬೆರಳು ಎತ್ತಿ ನಿಂತಿದ್ದ ಕಾದಂಬರಿ. ವಿಷ ಬೆರೆಸಿದವರು ಸಿಕ್ಕಿಬಿದ್ದಿದ್ದರು, ಭಾವನ ದನಿ ತುಸು ಮೆತ್ತಗಾಗಿತ್ತು, ಮನೆಯ ಹಿರಿಯಾಕೆ ಎಲ್ಲರಿಗೂ ಎಲೆ ಹಾಕಿಸುತ್ತಿದ್ದಳು.

ಅಕ್ಕ ಕಣ್ಣು ತೆರೆಯಲಿಲ್ಲ.

“ನೋಡಿ ಓದ್ರಿ” ಅಂದಳು.